ನನಗಿದ್ದ ಸೈಕಲ್ಲು, ನನಗಿಲ್ಲದ ಶುಗರ್ರು

ಕುರುಗೋಡಿನಿಂದ ಬಾದನಹಟ್ಟಿಯ ಕಡೆ ಹೋಗುವ ರಸ್ತೆಯಲ್ಲಿ ಐವತ್ತು ದಾಟಿದ ಗಂಡಸೊಬ್ಬ ಸೈಕಲ್ ತುಳಿಯುತ್ತಿದ್ದರೆ, ನೋಡಿದವರು ಅದಕ್ಕೆ ಎರಡೇ ಕಾರಣ ಕೊಡುತ್ತಾರೆ. ಒಂದು, ಅವನ ಮೋಟಾರ್ ಸೈಕಲ್ಲನ್ನು ಫೈನಾನ್ಸಿನವರು ಎಳೆದುಕೊಂಡು ಹೋಗಿದ್ದಾರೆ. ಇನ್ನೊಂದು, ಅವನಿಗೆ ಶುಗರ್ ಬಂದಿದೆ. ಮೂರನೆಯದೊಂದು ಕಾರಣ ಇರಬಹುದೆಂಬ ಅನುಮಾನ ಈ ಸೀಮೆಯಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ನನಗೆ ಮೋಟಾರ್ ಸೈಕಲ್ ಎಂದೂ ಇರಲಿಲ್ಲವಾದ್ದರಿಂದ ಮೊದಲನೆಯದು ತಾನಾಗಿಯೇ ಬಿದ್ದುಹೋಯಿತು. ಹೀಗಾಗಿ ನನಗೆ ಶುಗರ್ ಬಂತು. ರಕ್ತಪರೀಕ್ಷೆಯಿಲ್ಲದೆ, ವೈದ್ಯರಿಲ್ಲದೆ, ಬಹುಮತದಿಂದ ಬಂತು. ಗೊತ್ತುವಳಿ ಮಂಡಿಸಿದವಳು ನನ್ನ ಹೆಂಡತಿ.

ನಿಜವಾದ ಕಾರಣ ನನ್ನ ಬಿಳಿ ಅಂಗಿಯ ಬಲಭುಜದ ಮೇಲಿತ್ತು.

ಬಾದನಹಟ್ಟಿಯ ಆಚೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಗುಮಾಸ್ತ. ಅದೇ ಶಾಲೆಯ ಪಿ.ಟಿ. ಮಾಸ್ತರನು ನನ್ನ ಹೆಂಡತಿಯ ತಮ್ಮ. ಕುರುಗೋಡಿನಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಅವನ ಮನೆ. ಅವನಿಗೆ ಮೋಟಾರ್ ಸೈಕಲ್ ಇತ್ತು, ನನಗೆ ಅಕ್ಕನ ಗಂಡನೆಂಬ ಪದವಿ ಇತ್ತು. ಎರಡನ್ನೂ ಕೂಡಿಸಿ ನೋಡಿದ ಬಂಧುಗಳು, ನಾನು ನಿವೃತ್ತನಾಗುವವರೆಗೆ ಅವನ ಹಿಂದಿನ ಸೀಟಿನಲ್ಲಿ ಕೂರತಕ್ಕದ್ದು ಎಂದು ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಹಿಂದಿನ ಸೀಟಿನವನನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಊರ ಮಕ್ಕಳಿಗೆಲ್ಲ ದೈಹಿಕ ಶಿಕ್ಷಣ ಕೊಟ್ಟು ಅವನ ದೇಹ ದಣಿದುಹೋಗಿತ್ತೋ ಏನೋ, ಸ್ವಂತಕ್ಕೆ ಅವನು ಮಾಡುತ್ತಿದ್ದ ಏಕೈಕ ವ್ಯಾಯಾಮ ದವಡೆಯದು. ಬೆಳಿಗ್ಗೆ ಗಾಡಿಯನ್ನು ಒದ್ದು ಶುರುಮಾಡಿ, ಗುಟ್ಕಾ ಚೀಟಿಯನ್ನು ಹಲ್ಲಿನಿಂದ ಹರಿದು, ಮುಖವನ್ನು ಆಕಾಶಕ್ಕೆತ್ತಿ, ಸೂರ್ಯನಿಗೆ ಅರ್ಘ್ಯ ಬಿಡುವವನ ಭಕ್ತಿಯಲ್ಲಿ ಬಾಯಿಗೆ ಸುರಿದುಕೊಳ್ಳುತ್ತಿದ್ದ. ಊರು ದಾಟುವಷ್ಟರಲ್ಲಿ ಬಾಯಿ ತುಂಬುತ್ತಿತ್ತು. ತುಂಬಿದ ಬಾಯಲ್ಲೇ ಮಾತು. ಮಾತು ಇಕ್ಕಟ್ಟಾದಾಗ ಉಗುಳು. ಅವನು ಅನಾಗರಿಕನಲ್ಲ, ಉಗುಳುವ ಮೊದಲು ತಲೆಯನ್ನು ಮರ್ಯಾದೆಯಿಂದ ಬಲಕ್ಕೆ ತಿರುಗಿಸುತ್ತಿದ್ದ. ಆ ಮರ್ಯಾದೆ ಗಾಳಿಗೆ ಗೊತ್ತಿರಲಿಲ್ಲ.

ನಾನು ಸೇವೆಗೆ ಸೇರಿದ ದಿನದಿಂದ ಬಿಳಿ ಅಂಗಿಯವನು. ನನ್ನ ಹೆಂಡತಿ ಅದಕ್ಕೆ ನೀಲಿ ಹಾಕಿ ಹಿಂಡಿ, ನೆರಳಲ್ಲಿ ಒಣಗಿಸಿ ಕೊಡುತ್ತಾಳೆ. ಸಂಜೆ ಅದರ ಭುಜದ ಮೇಲೆ ಕೆಂಪು ಹನಿಗಳನ್ನು ಕಂಡಾಗ ಅವಳು ಕೇಳುತ್ತಿದ್ದುದು ಒಂದೇ ಮಾತು.

“ಮಸಾಲಿ ಬಿದ್ದೈತೇನ್ರಿ?”

“ಹೂಂ.”

ಯಾವ ಮಸಾಲೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳು ನಿಂಬೆಹಣ್ಣು ತಿಕ್ಕುತ್ತಿದ್ದಳು. ಇಂಥ ಮೌನಗಳ ಮೇಲೆಯೇ ಸಂಸಾರಗಳು ನಿಂತಿವೆ ಎಂದು ಹಿರಿಯರು ಹೇಳುವುದುಂಟು. ಆ ಹಿರಿಯರು ಯಾರ ಹಿಂದೆಯೂ ಕೂತು ಹೋದವರಲ್ಲ.

ಒಮ್ಮೆ ಸೂಚ್ಯವಾಗಿ ಹೇಳಿ ನೋಡಿದೆ: “ಇವತ್ತು ಗಾಳಿ ಬಹಳ ಇದೆ.”

“ಹೌದ್ರಿ ಬಾವ, ಮಳಿ ಬರಬೋದು,” ಎಂದು ಬಲಕ್ಕೆ ತಿರುಗಿ ಉಗುಳಿದ. ಮಳೆ ಆಗಲೇ ಬಂತು, ನನ್ನೊಬ್ಬನ ಮೇಲೆ.

ಇಷ್ಟನ್ನೂ ನಾನು ಸಹಿಸಿದ್ದೆ. ಸಹಿಸಲಾಗದ್ದು ನಡೆದದ್ದು ಬಳ್ಳಾರಿಯಿಂದ ಅಧಿಕಾರಿಗಳು ಶಾಲೆ ನೋಡಲು ಬಂದ ದಿನ. ನಮ್ಮ ಗೇಟಿನ ಪಕ್ಕ ‘ತಂಬಾಕು ಮುಕ್ತ ವಲಯ’ ಎಂಬ ಹಳದಿ ಬೋರ್ಡಿದೆ. ಅದರ ಕೆಳಗೇ ಎಲ್ಲರೂ ಸಾಲಾಗಿ ನಿಂತಿದ್ದೆವು. ಅಧಿಕಾರಿಗಳ ಕಣ್ಣು ಬೋರ್ಡಿನಿಂದ ಇಳಿದು ನನ್ನ ಭುಜದ ಮೇಲೆ ನಿಂತಿತು. ಹೆಡ್ ಮೇಡಂ ಕೂಡ ನೋಡಿದರು.

“ಇದೇನ್ರಿ ಸರ್, ಅಂಗಿ ಮ್ಯಾಲ?”

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಉತ್ತರ ಬಂತು. ಆ ಹೊತ್ತಿಗೆ ಗೇಟಿನ ಹೊರಗೇ ಉಗುಳಿ, ಬಾಯಿ ಮುಕ್ಕಳಿಸಿ, ಪಿ.ಟಿ. ಮಾಸ್ತರ ಏಲಕ್ಕಿಯಂತೆ ಘಮಘಮಿಸುತ್ತಿದ್ದ.

“ನಮ್ಮ ಬಾವ ಎಲಿ ಅಡಿಕಿ ಹಾಕ್ತಾರ್ರಿ ಮೇಡಂ. ಎಷ್ಟ್ ಹೇಳಿದ್ರೂ ಬಿಡವಲ್ರು.”

ಹೇಳಿದ್ದು ದ್ವೇಷದಿಂದಲ್ಲ. ಅವನ ಕಣ್ಣಿನಲ್ಲಿ ನನ್ನ ಬಗ್ಗೆ ನಿಜವಾದ ಕಾಳಜಿಯಿತ್ತು. ನನ್ನ ಮೈ ಉರಿದದ್ದು ಅದಕ್ಕೇ. ಅಧಿಕಾರಿಗಳು ನನಗೆ ಬಾಯಿಯ ಕ್ಯಾನ್ಸರಿನ ಬಗ್ಗೆ ನಾಲ್ಕು ಹಿತವಚನ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿದೆ. ಪಿ.ಟಿ. ಮಾಸ್ತರನೂ ತಲೆಯಾಡಿಸುತ್ತ ಕೇಳಿದ. ನನ್ನ ಬಾಯಿಗೆ ಎಲೆ ಅಡಿಕೆ ಹೋದದ್ದು ಒಮ್ಮೆ ಮಾತ್ರ, ನನ್ನ ಮದುವೆಯ ದಿನ. ಅದೂ ಅವರ ಮನೆಯವರೇ ಇಟ್ಟದ್ದು.

ಮುಂದಿನ ಭಾನುವಾರ ನಾನು ಯಾರಿಗೂ ಹೇಳದೆ ಬಳ್ಳಾರಿಗೆ ಹೋದೆ.

ಕಂಟೋನ್ಮೆಂಟಿನ ಕಡೆ ಒಂದು ಸೈಕಲ್ ಅಂಗಡಿ. ಅಂಗಡಿಯ ಭಾಯಿ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, “ಮೊಮ್ಮಗನಿಗೇನ್ರಿ ಸಾರ್?” ಎಂದ. ನನಗೇ ಎಂದೆ. ಅವನು ಪಕ್ಕದ ಚಹದ ಅಂಗಡಿಯವನ ಕಡೆ ತಿರುಗಿ ಹುಬ್ಬು ಹಾರಿಸಿದ. ಆಮೇಲೆ ಗೇರಿನ ಸೈಕಲ್ಲೊಂದನ್ನು ಎಳೆದು ನಿಲ್ಲಿಸಿದ. ನಿಲ್ಲಿಸಿದ ಎನ್ನುವುದು ತಪ್ಪು, ಗೋಡೆಗೆ ಒರಗಿಸಿದ. ಅದಕ್ಕೆ ಸ್ಟ್ಯಾಂಡ್ ಇರಲಿಲ್ಲ. ಮಡ್‌ಗಾರ್ಡ್ ಇರಲಿಲ್ಲ, ಕ್ಯಾರಿಯರ್ ಇರಲಿಲ್ಲ, ಚೈನ್ ಕವರ್ ಇರಲಿಲ್ಲ, ಬೆಲ್ ಕೂಡ ಇರಲಿಲ್ಲ. ಬಟ್ಟೆ ಉಡುವ ಮೊದಲೇ ಬೀದಿಗೆ ಬಂದಂತಿತ್ತು.

“ಇವು ಯಾವೂ ಇಲ್ಲದೆ ಇದು ಕೆಲಸಕ್ಕೆ ಹೋಗುವುದು ಹೇಗೆ?”

“ಇದು ಕೆಲಸಕ್ಕ ಹೋಗಂಗಿಲ್ರಿ ಸಾರ್. ಇದು ಶೋಕಿಗೆ ಹೋಗ್ತತಿ.”

ನಾನು ಮೂಲೆಯಲ್ಲಿದ್ದ ಕಪ್ಪು ಸೈಕಲ್ಲನ್ನು ತೋರಿಸಿದೆ. ಹಾಲಿನವರು ಒಯ್ಯುವ ಜಾತಿಯದು, ಮೈತುಂಬ ಧೂಳು. ಅದಕ್ಕೆ ಏನೇನು ಬೇಕೆಂದು ಹೇಳುತ್ತ ಹೋದೆ. ಎರಡೂ ಗಾಲಿಗೆ ಉದ್ದ ಮಡ್‌ಗಾರ್ಡು. ಪ್ಯಾಂಟಿಗೆ ಎಣ್ಣೆ ಹತ್ತದಂತೆ ಪೂರ್ತಿ ಚೈನ್ ಕವರು. ಊಟದ ಡಬ್ಬಿ ಹಿಡಿಯುವಂತೆ ಸ್ಪ್ರಿಂಗಿನ ಕ್ಯಾರಿಯರು. ಗಾಳಿಗೆ ಬೀಳದ ಜೋಡುಗಾಲಿನ ಸ್ಟ್ಯಾಂಡು. ದೊಡ್ಡ ದನಿಯ ಬೆಲ್ಲು. ಮುಂದೆ ಲೈಟು, ಹಿಂದೆ ಕೆಂಪು ಗಾಜು.

“ಸಾರ್, ಮದುವಿ ಹೆಣ್ಣಿಗೆ ಹಾಕಿದಂಗ ಹಾಕಸಾಕತ್ತೀರಲ್ರೀ. ಸೈಕಲ್ ಕಾಣಬೇಕೋ ಬ್ಯಾಡೋ?”

“ಡೈನಮೋ ಉಂಟೋ?”

“ಡೈನಮೋ ಇಟ್ಟಾತ ನಮ್ಮಪ್ಪ. ಆತನೂ ಇಲ್ಲ, ಡೈನಮೋನೂ ಇಲ್ಲ. ಬ್ಯಾಟರಿದು ಹಾಕ್ತೀನಿ, ಸುಮ್ನ ಒಯ್ರಿ.”

ಸೀಟಿನ ಎತ್ತರದ ಬಗ್ಗೆ ನಮ್ಮಿಬ್ಬರಿಗೆ ಯುದ್ಧವೇ ಆಯಿತು. ಕೂತಾಗ ಎರಡೂ ಕಾಲು ನೆಲಕ್ಕೆ ಹತ್ತಬೇಕೆಂಬುದು ಅವನ ಸಿದ್ಧಾಂತ. ಪೆಡಲ್ ಕೆಳಗೆ ಹೋದಾಗ ಕಾಲು ಪೂರಾ ಚಾಚಬೇಕು, ಇಲ್ಲದಿದ್ದರೆ ಮೊಣಕಾಲು ಹೋಗುತ್ತದೆಂಬುದು ನನ್ನ ಸಿದ್ಧಾಂತ. “ಬೀಳ್ತೀರಿ ಸಾರ್,” ಎಂದ. “ಬೀಳುವವನು ನಾನು, ನೀನಲ್ಲ,” ಎಂದು ಎತ್ತರ ಮಾಡಿಸಿದೆ. ಹತ್ತಿದೆ. ಅಂಗಡಿಯ ಮುಂದೆಯೇ ಬಿದ್ದೆ. ಅವನು ನಗಲಿಲ್ಲ. ನಗದೆ ಇರಲು ಅವನು ಪಟ್ಟ ಶ್ರಮವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಸೀಟು ಇಳಿಯಿತು. ಮನೆಗೆ ಒಯ್ದ ಮೇಲೆ ಮೊಣಕಾಲು ನೋಯತೊಡಗಿ, ಯಾರೂ ನೋಡದಾಗ ಮತ್ತೆ ಏರಿಸಿಕೊಂಡೆ. ಸಿದ್ಧಾಂತ ನನ್ನದೇ ಸರಿಯಿತ್ತು. ಬಿದ್ದದ್ದು ಬೇರೆ ವಿಷಯ.

ಒಂದರಲ್ಲಿ ಮಾತ್ರ ಇಬ್ಬರೂ ಒಪ್ಪಿದೆವು. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಇನ್ನೊಂದು ಪದರವಾಗಿ ಹಾಸಿದ. ಜಾಲಿ ಮುಳ್ಳಿಗೆ. ಬಳ್ಳಾರಿ ಜಾಲಿ ಎಂಬುದು ನಮ್ಮ ಜಿಲ್ಲೆಯ ಹೆಸರು ಹೊತ್ತು ನಾಡಿನ ತುಂಬ ಹಬ್ಬಿರುವ ಗಿಡ. ಬೇರೆ ಊರುಗಳ ಹೆಸರಿನಲ್ಲಿ ಪೇಡೆ ಇದೆ, ಮಲ್ಲಿಗೆ ಇದೆ. ನಮ್ಮ ಹೆಸರಿನಲ್ಲಿ ಮುಳ್ಳಿದೆ. ನಮ್ಮ ಜನರ ಸ್ವಭಾವ ನೋಡಿಯೇ ಇಟ್ಟಿರಬೇಕು.

ಲಗೇಜ್ ಆಟೋದಲ್ಲಿ ಈರುಳ್ಳಿ ಚೀಲಗಳ ನಡುವೆ ಸೈಕಲ್ಲೂ ನಾನೂ ನಿಂತುಕೊಂಡು ಕುರುಗೋಡಿಗೆ ಬಂದೆವು. ಬಾಗಿಲಲ್ಲಿ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಅವಳು ಸೈಕಲ್ಲನ್ನು ನೋಡಿದಳು, ನನ್ನ ಅಂಗಿಯ ಭುಜವನ್ನು ನೋಡಿದಳು. ಎಲ್ಲ ತಿಳಿಯಿತು.

“ಯಾರಿಗ್ರಿ ಇದು?”

“ನನಗೆ. ನಾಳೆಯಿಂದ ನಾನು ಇದರಲ್ಲೇ ಹೋಗುವವನು.”

“ಅವಗ ಏನ್ ಹೇಳ್ತೀರಿ?”

“ಇದ್ದದ್ದನ್ನೇ. ನಿನ್ನ ಉಗುಳಿಗೆ ನಾನು ಪೀಕದಾನಿಯಲ್ಲ ಅಂತ.”

ಮೊರ ಕೆಳಗಿಟ್ಟಳು. ನನ್ನ ಹೆಂಡತಿ ಮೊರ ಕೆಳಗಿಟ್ಟರೆ ನಾನು ಸಾಮಾನ್ಯವಾಗಿ ಎದ್ದು ನಿಲ್ಲುತ್ತೇನೆ. ಆಗಲೇ ನಿಂತಿದ್ದೆ.

“ಮುಂದ ಅವನ ಮಗಂದು ಜಾವಳ ಐತಿ, ಸಿರುಗುಪ್ಪದಾಗ, ನಮ್ಮ ತವರಮನ್ಯಾಗ. ಕೂದಲಾ ಹಿಡಿಯಾಕಿ ನಾನು, ಸೋದರತ್ತಿ. ನೀವು ಅವಗ ಉಗುಳು ಅಂದ್ರ ಅವ ನಿಮ್ಮ ಮುಖಾ ನೋಡಂಗಿಲ್ಲ. ನಿಮ್ಮ ಮುಖಾ ನೋಡದಾವ ನನಗ ಸೆರಗು ಒಡ್ಡಾಕ ಕರಿತಾನೇನು? ಅವ್ವ ಅಪ್ಪ ಹೋದ ಮ್ಯಾಲ ಆ ಮನಿ ಬಾಗಿಲಾ ನನಗ ತಗದಿರೋದು ಅವನೊಬ್ಬನ ಕೈಲಿಂದ. ಅಂಗಿ ನಾ ತೊಳಿತೀನಲ್ರಿ? ನಿಮಗೇನ್ ತ್ರಾಸು?”

ಮಗುವಿನ ಮೊದಲ ಕೂದಲು ತೆಗೆಯುವಾಗ ಅದು ನೆಲಕ್ಕೆ ಬೀಳದಂತೆ ಸೆರಗಿನಲ್ಲಿ ಹಿಡಿಯುವುದು ಸೋದರತ್ತೆಯ ಹಕ್ಕು. ತವರಿನಲ್ಲಿ ಅವಳಿಗೆ ಉಳಿದಿದ್ದ ಹಕ್ಕುಗಳಲ್ಲಿ ನಾಲ್ಕು ಜನರ ಮುಂದೆ ಕಾಣುವಂಥದ್ದು ಅದೊಂದೇ. ಜಾವಳ ಮುಗಿಯುವವರೆಗೆ ಉಗುಳಿನ ಮಾತೆತ್ತುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಸೈಕಲ್ ಬಿಡುತ್ತೇನೆಂದು ಮಾತ್ರ ಕೊಡಲಿಲ್ಲ.

ಸಂಜೆ ಅವನು ಬಂದ. ಸೈಕಲ್ಲಿನ ಬೆಲ್ ಬಾರಿಸಿ ನೋಡಿದ, ಟೈರು ಒತ್ತಿ ನೋಡಿದ.

“ಏನಿದು ಬಾವ? ನಮ್ಮ ಗಾಡಿ ಕೆಟ್ಟಿಲ್ಲಲ್ರಿ?”

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

“ಡಾಕ್ಟ್ರು ಹೇಳ್ಯಾರ ಲೇ ತಮ್ಮ. ಶುಗರ್ ಬಾರ್ಡರಿನ್ಯಾಗ ಐತಂತ. ಸೈಕಲ್ ತುಳಿಬೇಕಂತ.”

ಹೀಗೆ ನಾನು ರೋಗಿಯಾದೆ. ಅವನ ಕಣ್ಣು ತುಂಬಿ ಬಂತು. ಬಾಯಿ ಮೊದಲೇ ತುಂಬಿತ್ತು.

ಮರುದಿನದಿಂದ ಶಾಲೆಯಲ್ಲಿ ನನ್ನ ಚಹಕ್ಕೆ ಸಕ್ಕರೆ ನಿಂತಿತು. ಹೆಡ್ ಮೇಡಂ ಹಾಗಲಕಾಯಿ ರಸದ ಗುಣಗಳನ್ನು ವಿವರಿಸಿದರು. ಶಾಲೆಯಲ್ಲಿ ಯಾರ ಹುಟ್ಟುಹಬ್ಬವಾದರೂ ಪೇಡೆಯ ಡಬ್ಬಿ ನನ್ನ ಮೇಜಿನವರೆಗೆ ಬಂದು, “ಅಯ್ಯೋ, ಮರ್ತಿದ್ದೆ ಸರ್,” ಎಂದು ಹಿಂದೆ ಹೋಗುತ್ತಿತ್ತು. ನನಗೆ ಬಂದ ಸಿಹಿಯ ಪಾಲು ನನ್ನ ಕಣ್ಣೆದುರೇ ಪಿ.ಟಿ. ಮಾಸ್ತರನ ಕೈಗೆ ಹೋಗುತ್ತಿತ್ತು. “ಬಾವಂದು ನಾನಾ ತಿಂತೀನಿ,” ಎನ್ನುತ್ತಿದ್ದ, ಹರಕೆ ತೀರಿಸುವವನ ಗಾಂಭೀರ್ಯದಲ್ಲಿ.

ಇಷ್ಟೆಲ್ಲ ಬೆಲೆ ತೆತ್ತು ನಾನು ಕೊಂಡದ್ದು ಒಂದು ಒಂಟಿ ರಸ್ತೆ. ಅದೂ ಸಿಗಲಿಲ್ಲ. ಅವನು ತನ್ನ ಮೋಟಾರ್ ಸೈಕಲ್ಲನ್ನು ನನ್ನ ಸೈಕಲ್ಲಿನ ಪಕ್ಕಕ್ಕೆ ತಂದು, ಫಸ್ಟ್ ಗೇರಿನಲ್ಲಿ ಗೊರಗೊರ ಎನ್ನಿಸುತ್ತ ಶಾಲೆಯವರೆಗೂ ಜೊತೆಗೇ ಬರತೊಡಗಿದ.

“ನೀನು ಮುಂದೆ ಹೋಗು.”

“ಶುಗರ್ ಇದ್ದೋರು ಒಬ್ರಾ ಹೋಗಬಾರ್ದು ಬಾವ. ಎಲ್ಯಾರ ತಲಿ ತಿರುಗಿ ಬಿದ್ರ?”

ಹಿಂದೆ ಕೂತಾಗ ಅರ್ಧ ಮಾತು ಗಾಳಿಗೆ ಹಾರಿ ಹೋಗುತ್ತಿತ್ತು. ಈಗ ಪೂರ್ತಿ ಕೇಳಿಸುತ್ತಿತ್ತು. ಉಗುಳು ಮಾತ್ರ ತಪ್ಪಿತ್ತು. ಅವನು ನನ್ನ ಬಲಕ್ಕಿದ್ದ, ಬಲಕ್ಕೇ ಉಗುಳುತ್ತಿದ್ದ. ನನ್ನ ಹೋರಾಟದ ಒಟ್ಟು ಫಲ ಅಷ್ಟು.

ಸುಗ್ಗಿ ಬಂತು. ನಮ್ಮ ಕಡೆ ಸುಗ್ಗಿಯೆಂದರೆ ರಸ್ತೆಯ ಅರ್ಧವನ್ನು ಸರ್ಕಾರ ಭತ್ತಕ್ಕೆ ಬಿಟ್ಟುಕೊಟ್ಟಿದೆ ಎಂದು ತಿಳಿಯಬೇಕು. ಡಾಂಬರಿನ ಮೇಲೆ ಭತ್ತ ಹರಡಿ, ಅಂಚಿಗೆ ಕಲ್ಲಿಟ್ಟು, ಒಬ್ಬ ಹೆಂಗಸು ಕೋಲು ಹಿಡಿದು ಕೂತಿರುತ್ತಾಳೆ. ಉಳಿದ ಅರ್ಧದಲ್ಲಿ ಲಾರಿ, ಟ್ರ್ಯಾಕ್ಟರು, ನಾನು, ನನ್ನ ಪಕ್ಕದಲ್ಲಿ ನನ್ನ ಹಿತೈಷಿ. ಒಂದು ದಿನ ಲಾರಿಗೆ ದಾರಿ ಬಿಡಲು ಹೋಗಿ ನನ್ನ ಮುಂದಿನ ಗಾಲಿ ಭತ್ತದೊಳಗೆ ನುಗ್ಗಿತು. ಕೋಲಿನ ಹೆಂಗಸು ಎದ್ದಳು.

“ಕಣ್ಣು ಎಲ್ಲಿಟ್ಟೀರಿ ಸಾರ್? ಇದು ನಿಮ್ಮಪ್ಪನ ರೋಡಾ?”

“ನಿಮ್ಮಪ್ಪನದೂ ಅಲ್ಲ,” ಎಂದೆ.

ಮಾತು ಎಲ್ಲಿಗೆ ಹೋಗುತ್ತಿತ್ತೋ. ಮೋಟಾರ್ ಸೈಕಲ್ಲಿನಿಂದ ಶಾಂತಿದೂತ ಮಾತಾಡಿದ.

“ಬಿಡವ್ವ, ಅವ್ರಿಗೆ ಶುಗರ್ ಐತಿ.”

ಹೆಂಗಸಿನ ಕೋಲು ಕೆಳಗಿಳಿಯಿತು. “ಅಯ್ಯೋ ಶಿವನೇ, ಮೊದ್ಲಾ ಹೇಳಬಾರ್ದಾ? ನಮ್ಮ ಮನ್ಯಾಗೂ ಐತಿ. ಮೆಂತ್ಯಾ ನೆನಿ ಇಟ್ಟು ಕುಡೀರಿ.” ಅವಳು ಕೋಲಿನಿಂದ ಎರಡು ಬಿಟ್ಟಿದ್ದರೆ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ಅಕಾಲದ ಮಳೆ ಬಿದ್ದ ಒಂದು ಬೆಳಿಗ್ಗೆ ಇನ್ನೊಂದು ಅವಮಾನ. ಮೋರಿ ಕೆಲಸಕ್ಕೆಂದು ರಸ್ತೆ ಅಗೆದು ಎರೆಹೊಲದ ಅಂಚಿನಲ್ಲಿ ದಾರಿ ಬಿಟ್ಟಿದ್ದರು. ಎರೆಮಣ್ಣು ಹಸಿಯಾದರೆ ಅದು ಮಣ್ಣಲ್ಲ, ಬಂಧುತ್ವ, ಹಿಡಿದದ್ದನ್ನು ಬಿಡುವುದಿಲ್ಲ. ನಾನು ಹಟ ಹಿಡಿದು ಹಾಕಿಸಿದ ಉದ್ದ ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಮಣ್ಣು ತುಂಬಿ ಗಾಲಿ ನಿಂತೇಹೋಯಿತು. ಜಾಲಿ ಕಡ್ಡಿಯೊಂದು ಮುರಿದು ಮಣ್ಣು ಕೀಳುತ್ತ ಕೂತೆ. ಅವನು ಡಾಂಬರಿನ ಮೇಲೆ ಗಾಡಿ ನಿಲ್ಲಿಸಿಕೊಂಡು ಶಾಲೆಗಳ ನಡುವಿನ ಕಬಡ್ಡಿಯಲ್ಲಿ ನಮ್ಮ ತಂಡಕ್ಕಾದ ಅನ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ.

“ಹತ್ರಿ ಬಾವ ನನ್ನ ಹಿಂದ. ಸೈಕಲ್ ಇಲ್ಲೇ ಬೀಳ್ಲಿ.”

“ನಾನು ಇಲ್ಲೇ ಬೀಳುತ್ತೇನೆ. ಸೈಕಲ್ ಹೋಗಲಿ,” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ಹೇಳಲು ನನ್ನ ಬಾಯಿಗೆ ಜಾವಳದ ಬೀಗ ಬಿದ್ದಿತ್ತು.

ಜಾವಳ ಬಂತು. ಹೆಂಡತಿ ಹೊಸ ಸೀರೆ, ನಾನು ಹೊಸ ಬಿಳಿ ಅಂಗಿ. ಬಸ್ಸಿನಲ್ಲಿ ಅವಳು ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಕೂತಳು. ಸಿರುಗುಪ್ಪ ಬರುವವರೆಗೂ ನನಗೆ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದಳು: “ಇವತ್ತೊಂದಿನ ಬಾಯಿ ಮುಚ್ಚಿಕೊಂಡಿರ್ರಿ.”

ಮುಚ್ಚಿಕೊಂಡಿದ್ದೆ. ಅಂಗಳದಲ್ಲಿ ಮಗು ಸೋದರಮಾವನ ತೊಡೆಯ ಮೇಲೆ ಕೂತು ಊರಿಗೆ ಕೇಳುವಂತೆ ಅತ್ತಿತು. ಹೆಂಡತಿ ಸೆರಗು ಒಡ್ಡಿ ನಿಂತಳು. ಒಂದೆಳೆಯೂ ನೆಲಕ್ಕೆ ಬೀಳದಂತೆ ಹಿಡಿದಳು. ಅವಳ ಮುಖ ನೋಡಿದಾಗ, ಇಷ್ಟು ದಿನ ಸಕ್ಕರೆಯಿಲ್ಲದ ಚಹ ಕುಡಿದದ್ದು ದಂಡವಾಗಲಿಲ್ಲ ಅನ್ನಿಸಿತು. ಒಂದು ಗಳಿಗೆ.

ಕೂದಲನ್ನು ಕೆಂಚನಗುಡ್ಡದ ಹತ್ತಿರ ಹೊಳೆಗೆ ಬಿಡಬೇಕು. ಹೆಂಗಸರು ಆಟೋದಲ್ಲಿ, ಗಂಡಸರು ಗಾಡಿಗಳ ಮೇಲೆ. ಎಲ್ಲರ ಮುಂದೆ ಅವನು ಘೋಷಿಸಿದ: “ನಮ್ಮ ಬಾವ ನನ್ನ ಹಿಂದಾ. ಇವತ್ತು ಸೈಕಲ್ ಗೀಕಲ್ ನಡಿಯಂಗಿಲ್ಲ.” ಜನ ನಕ್ಕರು. ಹೆಂಡತಿ ಆಟೋದಿಂದ ನನ್ನನ್ನು ನೋಡಿದಳು. ಹತ್ತಿದೆ. ಗಾಡಿ ಒದ್ದ, ಚೀಟಿ ಹರಿದ, ಮುಖ ಆಕಾಶಕ್ಕೆತ್ತಿದ. ನಾನು ಟವೆಲನ್ನು ಗುರಾಣಿಯಂತೆ ಹಿಡಿದೆ. ಹೊಳೆಯ ಕಡೆಯಿಂದ ಬೀಸುವ ಗಾಳಿ ಮೊದಲು ಟವೆಲನ್ನು ಹಾರಿಸಿತು, ಆಮೇಲೆ ಉಳಿದದ್ದನ್ನು ತಂದಿತು. ತುಂಗಭದ್ರೆಯ ದಂಡೆಗೆ ಹೋಗಿ ನಿಂತಾಗ ಹೊಸ ಅಂಗಿಗೆ ಬಲಗಡೆ ಕುಂಕುಮದ ಅಭಿಷೇಕವಾಗಿತ್ತು. ತೊಳೆಯಲು ಹೋದೆ. ಹರಡಿತು.

ತಿರುಗಿ ಬಂದು ಊಟಕ್ಕೆ ಕೂತೆವು. ಹೋಳಿಗೆಯ ಬುಟ್ಟಿ ಸಾಲಿನ ಆ ತುದಿಯಿಂದ ಬರುತ್ತಿತ್ತು, ಅದರ ಹಿಂದೆ ತುಪ್ಪದ ಗಿಂಡಿ. ನನ್ನ ಎಲೆಯ ಮುಂದೆ ಬಂದಾಗ ನನ್ನ ಭಾವಮೈದುನ ಓಡಿ ಬಂದು ಅಡ್ಡ ಕೈ ಹಿಡಿದ.

“ಬಾವಗ ಬ್ಯಾಡ್ರಿ! ರೊಟ್ಟಿ ತರ್ರಿ, ರೊಟ್ಟಿ!”

ಬುಟ್ಟಿ ನನ್ನನ್ನು ದಾಟಿತು. ಪಕ್ಕದ ಎಲೆಗೆ ಎರಡು ಬಿದ್ದವು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಆಗ ಎದುರು ಸಾಲಿನಲ್ಲಿದ್ದ ಹೆಂಡತಿಯ ದೊಡ್ಡವ್ವ ನನ್ನ ಭುಜವನ್ನು ಕಂಡಳು.

“ಅಯ್ಯಯ್ಯೋ, ಅಳಿಯನ ಅಂಗಿ ಮ್ಯಾಲ ರಕ್ತ!”

ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು.

“ಶುಗರ್ ಇದ್ದೋರಿಗೆ ಗಾಯ ಮಾಯಂಗಿಲ್ಲವ್ವ,” ಎಂದಳು ದೊಡ್ಡವ್ವ, ಕೈ ಎಲೆಯಲ್ಲೇ ಬಿಟ್ಟು. “ನಮ್ಮ ಓಣ್ಯಾಗ ಒಬ್ಬಾತಗ ಹಿಂಗಾ ಬೆರಳಿಗೆ ಶುರುವಾತು. ಕಾಲು ತಗದ್ರು.”

“ಎಲ್ಲಿ ಗಾಯ ಬಾವ? ನನಗ್ಯಾಕ ಹೇಳಲಿಲ್ರಿ? ಅಂಗಿ ಬಿಚ್ರಿ!” ಅವನು ಮಂಡಿಯೂರಿ ಕೂತು ನನ್ನ ಗುಂಡಿಗಳಿಗೆ ಕೈ ಹಾಕಿದ. ಕಣ್ಣಲ್ಲಿ ಮತ್ತೆ ನೀರು.

“ಕೈ ತೆಗಿ.”

“ಬಾವ…”

“ಕೈ ತೆಗಿಯಲೇ! ಇದು ರಕ್ತ ಅಲ್ಲ. ನಿನ್ನ ಉಗುಳು. ಹೊಳಿ ದಾರ್ಯಾಗ ಉಗುಳಿದ್ದು. ನನಗ ಶುಗರ್ ಇಲ್ಲ, ಯಾವತ್ತೂ ಇರಲಿಲ್ಲ. ನಿನ್ನ ಗುಟ್ಕಾ ತಪ್ಪಿಸ್ಕೊಳ್ಳಾಕ ಸೈಕಲ್ ತಗೊಂಡೀನಿ. ಹೋಳಿಗಿ ಹಾಕ್ರಿ ಇಲ್ಲಿ!”

ನಾನು ಬರೆಯುವ ಭಾಷೆ ಬಿಟ್ಟು ಆಡುವ ಭಾಷೆಗೆ ಇಳಿದೆನೆಂದರೆ ಸಿಟ್ಟು ನೆತ್ತಿಗೇರಿದೆ ಎಂದರ್ಥ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ತುಪ್ಪದ ಸೌಟು ಹಿಡಿದು ನಿಂತಿದ್ದಳು. ಮಗುವಿನ ಕೂದಲು ಹಿಡಿದ ಸೆರಗು ಇನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇತ್ತು.

ಸತ್ಯ ಹೇಳಿದರೆ ಆಕಾಶ ಬೀಳುತ್ತದೆಂದು ನಾನು ಹೆದರಿದ್ದೆ. ಬೀಳಲಿಲ್ಲ. ದೊಡ್ಡವ್ವ ಪಕ್ಕದವಳ ಕಡೆ ಬಾಗಿ ಮೆಲ್ಲಗೆ, ಎಂದರೆ ಎಲ್ಲರಿಗೂ ಕೇಳುವಂತೆ ಹೇಳಿದಳು:

“ನೋಡಿದ್ಯಾ? ಶುಗರ್ ಏರಿದ್ರ ಹಿಂಗಾ. ಸಿಟ್ಟು ಎಲ್ಲಿಂದ ಬರ್ತತೋ ಗೊತ್ತಾಗಂಗಿಲ್ಲ. ಮಜ್ಜಿಗಿ ಕುಡಸ್ರಿ ಪಾಪ.”

ಎಲ್ಲರೂ ಹೌದೆಂದರು. ಒಬ್ಬರಿಗೆ ಚಿಕ್ಕಪ್ಪ ಹೀಗೇ ಕೂಗುತ್ತಿದ್ದ, ಇನ್ನೊಬ್ಬರಿಗೆ ಮಾವ. ಹೋಳಿಗೆ ಬಡಿಸುವವನು ಬುಟ್ಟಿಯನ್ನು ನನ್ನ ಕೈಗೆಟುಕದಂತೆ ಎತ್ತಿ ಹಿಡಿದ. ಮಜ್ಜಿಗೆ ಬಂತು. ನಾನು ಹೇಳಿದ ಸತ್ಯವೇ ನನ್ನ ರೋಗಕ್ಕೆ ಕೊನೆಯ ಸಾಕ್ಷಿಯಾಯಿತು.

ನಂಬಿದವನು ಒಬ್ಬನೇ. ಅವನು ಮಂಡಿಯೂರಿದಲ್ಲೇ ಕೂತು, ಉದ್ದ ಜಿಗಿತದ ಗುರುತನ್ನು ನೋಡುವ ಹಾಗೆ, ನನ್ನ ಭುಜದ ಕೆಂಪನ್ನೇ ನೋಡುತ್ತಿದ್ದ. ತಲೆ ತಾನಾಗಿ ಒಂದಿಷ್ಟು ಬಲಕ್ಕೆ ವಾಲಿತು, ಮತ್ತೆ ನೆಟ್ಟಗಾಯಿತು. ಆಮೇಲೆ ಎದ್ದು ಹಿತ್ತಲಿಗೆ ಹೋದ. ನಾವು ಹೊರಡುವವರೆಗೂ ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ಬಿಡಲೂ ಬರಲಿಲ್ಲ.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಹೊರಗೆ ನೋಡಿದಳು. ಮನೆಗೆ ಬಂದು, ಚೀಲದಿಂದ ಒಂದು ಬಾಳೆಲೆಯ ಗಂಟು ತೆಗೆದು ನನ್ನ ಮುಂದೆ ಕುಕ್ಕಿದಳು. ಹೋಳಿಗೆ.

“ತಿನ್ರಿ. ನಿಮಗೇನ್ ಶುಗರ್ ಇಲ್ಲಲ್ಲ.”

“ಜಾವಳ ಮುಗಿಯುವವರೆಗೆ ಅಂದಿದ್ದೆ. ಮುಗಿದಿತ್ತು.”

“ಹೌದ್ರಿ, ನೀವು ಕಾಯ್ದಿ ಪ್ರಕಾರಾನ ಬೈದೀರಿ. ನಾಳೆ ಅವ ನಮ್ಮ ಹೊಸ್ತಿಲಾ ತುಳಿಲಿಲ್ಲ ಅಂದ್ರ, ನಾ ಸಿರುಗುಪ್ಪದ ಹೊಸ್ತಿಲಾ ಯಾವ ಮುಖಾ ಇಟ್ಗೊಂಡು ತುಳೀಲಿ? ತಿನ್ರಿ, ಆರ್ತತಿ.”

ತಿಂದೆ. ಹೋಳಿಗೆ ಹೇಗಿತ್ತೆಂದು ನೆನಪಿಲ್ಲ.

ಬೆಳಿಗ್ಗೆ ನಾನು ಸೈಕಲ್ಲನ್ನು ಹೊರಗೆ ತಂದೆ. ಹೆಂಡತಿ ರಂಗೋಲಿ ಹಾಕುವ ನೆವದಲ್ಲಿ ಬಾಗಿಲಲ್ಲೇ ಇದ್ದಳು. ರಂಗೋಲಿ ಮುಗಿಯಿತು. ಅದರ ಸುತ್ತ ಇನ್ನೊಂದು ಸುತ್ತು ಹಾಕಿದಳು. ನಾನು ಡಬ್ಬಿಯನ್ನು ಕ್ಯಾರಿಯರಿಗೆ ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿದೆ. ಪ್ಯಾಂಟಿನ ಕಾಲಿಗೆ ಕ್ಲಿಪ್ ಹಾಕಿದೆ. ಹೊರಡದಿರಲು ಇನ್ನು ಕಾರಣ ಉಳಿದಿರಲಿಲ್ಲ. ಅಷ್ಟರಲ್ಲಿ ಹಿಂದಿನ ಓಣಿಯಿಂದ ಗಾಡಿ ಒದ್ದ ಸದ್ದು ಕೇಳಿಸಿತು. ಸದ್ದು ತಿರುವಿಗೆ ಬಂತು. ನಮ್ಮ ಬಾಗಿಲ ಮುಂದೆ ನಿಂತಿತು.

ಅವನ ಎಡಗೆನ್ನೆ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಬಾಯಿ ಆಗಲೇ ತುಂಬಿತ್ತು.

“ಚಾ ಕುಡದು ಹೋಗ್ತೀಯೇನು ತಮ್ಮ?” ಎಂದಳು ಹೆಂಡತಿ. ಅವಳ ದನಿ ರಂಗೋಲಿಯ ಎಳೆಯಷ್ಟೇ ತೆಳ್ಳಗಿತ್ತು.

ಅವನು ಬಾಯಿ ತೆರೆಯಬೇಕು, ತೆರೆಯಬೇಕಾದರೆ ಉಗುಳಬೇಕು. ಬಲಕ್ಕೆ ನೋಡಿದ, ಬಲಕ್ಕೆ ನಾನಿದ್ದೆ. ಎಡಕ್ಕೆ ನೋಡಿದ, ಎಡಕ್ಕೆ ರಂಗೋಲಿಯಿತ್ತು. ಮೂಗಿನಿಂದ “ಊಂಹೂಂ” ಎಂದ. ಆಮೇಲೆ ಅಕ್ಕನ ಕಡೆ ನೋಡಿ, ಸಂಜೆ ಎನ್ನುವಂತೆ ಕೈ ತಿರುಗಿಸಿದ. ಅವಳು ರಂಗೋಲಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಒಳಗೆ ಪಾತ್ರೆಗಳು ಎಂದಿನಂತೆ ಸದ್ದು ಮಾಡತೊಡಗಿದವು.

ನಾನು ತುಳಿದೆ. ಅವನು ಪಕ್ಕದಲ್ಲಿ ಗೊರಗೊರ ಬಂದ. ಊರು ದಾಟಿತು, ಭತ್ತದ ಕಲ್ಲುಗಳು ದಾಟಿದವು, ಕೋಲಿನ ಹೆಂಗಸು “ಹೆಂಗೈತ್ರಿ ಸಾರ್ ಶುಗರು?” ಎಂದು ಕೂಗಿದಳು, ಅವನು ಉತ್ತರ ಕೊಡಲಿಲ್ಲ. ಬಾದನಹಟ್ಟಿ ದಾಟಿತು. ಕಬಡ್ಡಿ ಇಲ್ಲ, ರಾಜಕೀಯ ಇಲ್ಲ, ಹಾಗಲಕಾಯಿ ಇಲ್ಲ. ಕೆನ್ನೆ ಮಾತ್ರ ಒಂದೊಂದು ಫರ್ಲಾಂಗಿಗೆ ಒಂದೊಂದಿಷ್ಟು ಹಿಗ್ಗುತ್ತಿತ್ತು. ಕಣ್ಣು ಕೆಂಪಾಗಿತ್ತು. ಎದುರುಗಾಳಿಯಿತ್ತು. ಅವನು ನುಂಗಲಿಲ್ಲ, ಉಗುಳಲಿಲ್ಲ, ಮುಂದೆ ಹೋಗಲೂ ಇಲ್ಲ.

ಶಾಲೆಯ ಗೇಟು ಬಂತು. ಅವನು ಗಾಡಿಯನ್ನು ಬಿಸಾಡಿದಂತೆ ನಿಲ್ಲಿಸಿ, ‘ತಂಬಾಕು ಮುಕ್ತ ವಲಯ’ ಬೋರ್ಡು ದಾಟಿ ಜಾಲಿ ಪೊದೆಯ ಹಿಂದೆ ಓಡಿದ. ಪಿ.ಟಿ. ಮಾಸ್ತರ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಬೇಕಾಯಿತು. ಅಷ್ಟರಲ್ಲಿ ನಾನು ನನ್ನ ಬಲಭುಜವನ್ನು ಎಳೆದು ನೋಡಿಕೊಂಡೆ. ಬೆಳ್ಳಗಿತ್ತು.

ಅವನು ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ ಬಂದ. ನನ್ನ ಮುಖ ನೋಡಲಿಲ್ಲ. ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಟೈರನ್ನು ಹೆಬ್ಬೆರಳಿನಿಂದ ಒತ್ತಿದ.

“ಹಿಂದಿನ ಗಾಲ್ಯಾಗ ಗಾಳಿ ಕಡಿಮಿ ಐತ್ರಿ ಬಾವ.”

“ಐತಿ,” ಎಂದೆ, ಸಿಟ್ಟಿಲ್ಲದೆ. “ಇರ್ಲಿ.”